ಗದ್ದ ಒದ್ದೆ ಮಾಡದ ಲೋಟ

ಮಂಗಳವಾರ ಬೆಳಗ್ಗೆ 10.20ಕ್ಕೆ ನಿವೃತ್ತ ಡಾಕ್ಟರೊಬ್ಬರು ಆರು ಬೆಳ್ಳಿ ಲೋಟಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಠಾಣೆಗೆ ಬಂದರು. ತೀರಿಹೋದ ಹೆಸರಾಂತ ಅಕ್ಕಸಾಲಿಗರೊಬ್ಬರ ಕೈಕೆಲಸವೆಂದು ಅಂಗಡಿಯವನು ಮಾರಿದ್ದ. ಆರರಲ್ಲೂ ಅವರ ಮೀನಿನ ಮುದ್ರೆಯಿತ್ತು. ಆದರೆ ಈ ಮಾದರಿಯಲ್ಲಿ ಅವರು ಮಾಡಿದ್ದೇ ನಾಲ್ಕು ಎಂದು ಅವರ ಹಳೆಯ ಲೆಕ್ಕದ ಪುಸ್ತಕದಿಂದ ಈಗ ತಿಳಿದುಬಂದಿತ್ತು.

"ಎರಡು ನಕಲಿ. ಯಾವ ಎರಡು ಅಂತ ಮಾತ್ರ ಕೇಳ್ಬೇಡಿ," ಎಂದರು ಡಾಕ್ಟರು.

ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಬಂದ ಬೆಲೆ ಕಟ್ಟುವವರು ಲೋಟಗಳನ್ನು ತೂಗಿದರು, ಭೂತಗನ್ನಡಿ ಹಿಡಿದು ತಳ ನೋಡಿದರು, ಸುತ್ತಿಗೆಯ ಗುರುತುಗಳ ಮೇಲೆ ಬೆರಳಾಡಿಸಿದರು. "ಯಂತ್ರದ್ದಾದ್ರೆ ಒಳಗೆ ಸುತ್ತುಗೆರೆ ಇರ್ತಿತ್ತು. ಇವು ಆರೂ ಕೈಯಲ್ಲೇ ಬಡಿದದ್ದು," ಎಂದು ಕೈಚೆಲ್ಲಿದರು. ಇನ್‌ಸ್ಪೆಕ್ಟರಿಗೆ ಕುತೂಹಲ ಕೆರಳಿತು.

"ಡಾಕ್ಟ್ರೇ, ಇದ್ರಲ್ಲಿ ಕುಡಿದು ನೋಡಿದ್ದೀರಾ?"

"ಛೆ ಛೆ! ಬೀರುವಿನಿಂದ ತೆಗೆದೇ ಇರಲಿಲ್ಲ."

ಕುಡಿಯುವ ಲೋಟಕ್ಕೆ ಇದೆಂಥ ಗತಿಯಪ್ಪಾ ಎನ್ನಿಸಿತು ಇನ್‌ಸ್ಪೆಕ್ಟರಿಗೆ. ಪಂಚರ ಎದುರೇ ನೀರು ತುಂಬಿಸಿ ಕುಡಿದರು. ಮೊದಲನೆಯದು ಗದ್ದದ ಮೇಲೆ ಸೋರಿತು. ಎರಡನೆಯದು ಕಾಲರ್ ತೋಯಿಸಿತು. ದಫೇದಾರ ಮುಖ ತಿರುಗಿಸಿ ನಕ್ಕ.

"ಹಲ್ಲು ಕಿರಿದದ್ದು ಸಾಕು. ನೀನೂ ಕುಡಿ."

ಅವನ ಮೀಸೆಯೂ ತೊಯ್ದಿತು. ಒಟ್ಟು ನಾಲ್ಕು ಸೋರಿದವು, ಉಳಿದೆರಡು ಒಂದು ಹನಿಯನ್ನೂ ಚೆಲ್ಲಲಿಲ್ಲ. ಪಂಚನಾಮೆಯಲ್ಲಿ ಹಾಗೇ ಬರೆದರು.

"ಅಂದ್ರೆ ಸೋರೋದೇ ಅಸಲೀನಾ?" ಡಾಕ್ಟರಿಗೆ ನಂಬುವುದೇ ಕಷ್ಟವಾಯಿತು.

ಮಧ್ಯಾಹ್ನ ಮೂರಕ್ಕೆ ಅಂಗಡಿಯವನ ವಿಚಾರಣೆ.

"ಯಾರು ತಂದುಕೊಟ್ಟಿದ್ದು?"

"ಆ ಅಕ್ಕಸಾಲಿಗರ ಮಗಳೇ ಸಾರ್. ಅಪ್ಪನ ಪೆಟ್ಟಿಗೇಲಿ ಸಿಕ್ತು ಅಂದ್ರು."

4.40ಕ್ಕೆ ಮಹಿಳಾ ಪೇದೆಯೊಂದಿಗೆ ಆ ಮಗಳ ಕೆಲಸದ ಕೋಣೆಗೆ ಹೋದರು. ಐವತ್ತರ ಆಸುಪಾಸಿನ ಹೆಂಗಸು, ಮಸಿ ಹಿಡಿದ ಬೆರಳುಗಳು. ಇನ್‌ಸ್ಪೆಕ್ಟರ್ ನೀರು ಕೇಳಿದರು. ಆಕೆ ತಾನೇ ಮಾಡಿದ ಬೆಳ್ಳಿ ಲೋಟದಲ್ಲಿ ಕೊಟ್ಟಳು. ಒಂದು ಹನಿಯೂ ಸೋರಲಿಲ್ಲ.

"ಅಚ್ಚುಕಟ್ಟಾಗಿದೆಯಲ್ಲಮ್ಮ ಲೋಟ."

"ಅಪ್ಪ ಅಂಚು ದಪ್ಪ ಬಿಡ್ತಿದ್ರು, ಸೋರ್ತಿತ್ತು. ನಾನು ತುಸು ಹೊರಗೆ ಬಾಗಿಸ್ತೀನಿ," ಎಂದವಳು ಪೇದೆಯ ಮುಖ ನೋಡಿ ತಟ್ಟನೆ ಲೋಟ ಹಿಂದಕ್ಕೆ ತೆಗೆದುಕೊಂಡಳು.

"ಆ ಎರಡನ್ನೂ ಸೋರೋ ಹಾಗೇ ಮಾಡಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದರು ಇನ್‌ಸ್ಪೆಕ್ಟರ್.

"ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟ ಲೋಟ ಮಾಡೋಕೆ ಕೈ ಏಳಲಿಲ್ಲ ಸಾರ್."

5.30ಕ್ಕೆ ಬಂಧನವಾಯಿತು. ಹೇಳಿಕೆ ಚಿಕ್ಕದು. ಇಪ್ಪತ್ತು ವರ್ಷ ಆಕೆಯ ಸ್ವಂತ ಮುದ್ರೆಯ ಲೋಟಗಳನ್ನು ಅಂಗಡಿಗಳು ಬರೀ ತೂಕಕ್ಕೆ ಕೊಂಡು ಕರಗಿಸುತ್ತಿದ್ದವು. ತನ್ನದೊಂದಾದರೂ ಕರಗದೆ ಉಳಿಯಲಿ ಎಂದು ಅಪ್ಪನ ಮೀನು ಒತ್ತಿದ್ದಳು. ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರಿಗೆ ಸಂಕಟವಾಯಿತು.

ಜಪ್ತಿ ಪಟ್ಟಿಯಲ್ಲಿ ಎರಡು ಲೋಟಗಳ ಎದುರು 'ತಯಾರಿಸಿದವರು' ಎಂದು ಆಕೆಯ ಹೆಸರಿತ್ತು. ಸಹಿ ಮಾಡುವ ಮುನ್ನ ಆ ಸಾಲನ್ನು ಎರಡು ಸಲ ಓದಿದಳು.

"ಸಾರ್, ಇದರದ್ದೊಂದು ನಕಲು ನನಗೆ ಸಿಗುತ್ತಾ?"