ಶುರುವಾಗದೆ ಮುಗಿದ ಅಪಾಯ

ಬೆಳಿಗ್ಗೆ 10:30ಕ್ಕೆ ಶೈತ್ಯಾಗಾರದ ಯಂತ್ರಕೋಣೆಯಲ್ಲಿ ಅನಿಲಮಾಪಕದ ದಿನನಿತ್ಯದ ಟೆಸ್ಟ್ ಆರಂಭವಾಯಿತು. 10:38ಕ್ಕೆ ಕೊಳವೆಯ ಬೆಸುಗೆಯೊಂದು ಬಿರಿಯಿತು. ಒತ್ತಡದ ನಕ್ಷೆಯಲ್ಲಿ ಆ ಇಳಿತ ಸ್ಪಷ್ಟವಾಗಿದೆ. 10:40ಕ್ಕೆ ಫಿಟ್ಟರ್ ಟೆಸ್ಟ್ ಸಿಲಿಂಡರನ್ನು ಮುಚ್ಚಿ, "ಮುಗೀತು, ಟೆಸ್ಟ್ ತೆಗಿ" ಎಂದು ಫೋನಿನಲ್ಲಿ ಹೇಳಿದ. 10:41ಕ್ಕೆ ಕಂಟ್ರೋಲ್ ರೂಮಿನ ಆಪರೇಟರ್ ಟೆಸ್ಟ್ ತೆಗೆದಳು, ಎಂದರೆ ತಡೆದಿಟ್ಟಿದ್ದ ಸೈರನ್ ಮತ್ತೆ ಕೂಗಬಲ್ಲಂತೆ ಮಾಡಿದಳು. 10:49ಕ್ಕೆ ಯಂತ್ರದಡಿಯ ಗುಂಡಿಯಲ್ಲಿ ಫಿಟ್ಟರ್‌ನ ಶವ ಸಿಕ್ಕಿತು.

ಸೈರನ್ ಕೂಗಿರಲಿಲ್ಲ.

ತಂಪು ಮಾಡಲು ಬಳಸುತ್ತಿದ್ದುದು ಇಂಗಾಲದ ಡೈಆಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಇಳಿದವನಿಗೆ ಸೈರನ್ ಬಿಟ್ಟು ಬೇರೆ ಎಚ್ಚರಿಕೆಯಿಲ್ಲ.

ನಾಲ್ಕನೆಯ ದಿನ ಸುರಕ್ಷತಾ ತನಿಖಾಧಿಕಾರಿಯೊಂದಿಗೆ ಸಹಾಯಕನಾಗಿ ನಾನು ಅಲ್ಲಿಗೆ ಹೋದೆ. ಸಂಜೆ ಐದಕ್ಕೆ ಆಪರೇಟರನ್ನು ಬಂಧಿಸುವುದಾಗಿ ಪೊಲೀಸರು ತಿಳಿಸಿದ್ದರು. ಸೈರನ್ ನಿಲ್ಲಿಸುವ ಬಟನ್ ಇದ್ದದ್ದು ಅವಳ ಮೇಜಿನ ಮೇಲೆ. ಅದನ್ನು ಒತ್ತಿದರೆ ಎಲ್ಲೂ ದಾಖಲಾಗುವುದಿಲ್ಲ. ಸತ್ತವನು ಅವಳ ಗಂಡನ ಅಣ್ಣ. ಆ ಬೆಳಿಗ್ಗೆಯೇ ಮನೆಯಲ್ಲಿ ಇಬ್ಬರಿಗೂ ಜಗಳವಾಗಿತ್ತು.

"ಬಟನ್ ಒತ್ತಿದ್ರಾ?" ಅಧಿಕಾರಿ ಕೇಳಿದರು.

"ಇಲ್ಲ ಮೇಡಂ. ಮುಟ್ಟೇ ಇಲ್ಲ."

"ಪರದೆ ಮೇಲೆ ಅಂಕಿ ಕೆಂಪಾಗಿತ್ತಲ್ಲ?"

"ಟೆಸ್ಟ್ ತೆಗೆದ್ಮೇಲೂ ದಿನಾ ಎರಡು ನಿಮಿಷ ಕೆಂಪಗೇ ಇರುತ್ತೆ. ಆಮೇಲೆ ಇಳಿಯುತ್ತೆ. ನಿಜವಾದ್ದಾದ್ರೆ ಸೈರನ್ ಕೂಗುತ್ತಲ್ಲ ಅಂತ—"

"ಆ ದಿನ ಇಳೀಲಿಲ್ಲ. ಆಗ?"

"ಫೋನ್ ಮಾಡ್ದೆ. ಭಾವ ಎತ್ಲಿಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮುನಿಸು ಅಂದ್ಕೊಂಡೆ."

"ಜಗಳ ಯಾತಕ್ಕೆ?"

"ಬೀಗದ ಕೈ ಎಲ್ಲಿಟ್ಟೆ ಅಂತ. ಅಷ್ಟೇ ಮೇಡಂ. ಅಷ್ಟಕ್ಕೇ ಅತ್ತೆ ನನ್ನನ್ನ ಹೆಣದ ಹತ್ರಾನೂ ಬಿಡ್ಲಿಲ್ಲ. ನನ್ನ ಮಗನ್ನ ತಿಂದ್ಕೊಂಡೆ ಅಂದ್ರು."

ಸೈರನ್‌ನ ಪ್ರೋಗ್ರಾಂ ಬರೆದ ವಿಭಾಗದ ಮುಖ್ಯಸ್ಥರನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಮಾತೆತ್ತಿದರೆ ಪಾಠ. ಮಾಪಕವನ್ನೂ ಕಂಪ್ಯೂಟರನ್ನೂ ಮೇಜಿನ ಮೇಲೆ ಮೊದಲೇ ಜೋಡಿಸಿಟ್ಟಿದ್ದರು.

"ಆ ದಿನದ ಕ್ರಮದಲ್ಲೇ ಮಾಡ್ತೀನಿ, ನೋಡಿ. ಟೆಸ್ಟ್ ಹಾಕ್ದೆ. ಅನಿಲ ಬಿಟ್ಟೆ, ಅಂಕಿ ಕೆಂಪಾಯ್ತು. ಅನಿಲ ಇದ್ದ ಹಾಗೇ ಟೆಸ್ಟ್ ತೆಗೆದೆ—"

ಸೈರನ್ ಕಿವಿಗಡಚಿಕ್ಕುವಂತೆ ಕೂಗಿತು.

"ಹದಿನಾರು ಸಲ ನೋಡಿದ್ದೀನಿ. ಹದಿನಾರು ಸಲಾನೂ ಕೂಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?"

"ಒಳಗೆ ಹೇಗೆ ನಡೆಯುತ್ತೆ?"

"ನಿಮಗೆ ಅದೆಲ್ಲ ಓದೋಕೆ ಬರುತ್ತಾ?"

"ಅಕ್ಷರ ಕೂಡಿಸ್ಕೊಂಡು ಓದ್ತೀನಿ. ಹೇಳಿ ಮೇಷ್ಟ್ರೇ."

ಮೇಷ್ಟ್ರು ನಕ್ಕರು. "'ಅಪಾಯ' ಅಂತ ಒಂದು ಪ್ರಾಪರ್ಟಿ, ಅಂದ್ರೆ ಪ್ರೋಗ್ರಾಂ ನೆನಪಿಟ್ಕೊಳ್ಳೋ ಒಂದು ಗುಣ. ಬೆಲೆ 'ಹೌದು' ಅಥವಾ 'ಇಲ್ಲ'. ಅದನ್ನ ಬದಲಿಸೋದು ಸೆಟ್ಟರ್ ಮೂಲಕ. ಸೆಟ್ಟರ್ ಅಂದ್ರೆ ತಲಬಾಗಿಲು ಅಂದ್ಕೊಳ್ಳಿ, ಅಲ್ಲೊಬ್ಬ ಕಾವಲುಗಾರ. ಬೆಲೆ ಬದಲಾದ್ರೆ ಅವನು ಈವೆಂಟ್ ಅನ್ನೋ ಸುದ್ದಿ ಕಳಿಸ್ತಾನೆ, ಸೈರನ್‌ಗೊಂದು, ದಾಖಲೆಗೊಂದು. ಇದ್ದ ಬೆಲೆಯೇ ಮತ್ತೆ ಬಂದ್ರೆ ಸುಮ್ನಿರ್ತಾನೆ."

"ಬೇರೆ ಬಾಗಿಲಿಲ್ವಾ?"

"ಇಲ್ಲ. ಓದಿ ನೋಡಿ."

ಅಧಿಕಾರಿ ಓದಿದರು. ಇರಲಿಲ್ಲ. ಅವರು ದಾಖಲೆ ತರಿಸಿ ನನ್ನ ಮುಂದಿಟ್ಟರು. "ಎರಡು ವರ್ಷದ್ದು. 'ಅಪಾಯ ಶುರು', 'ಅಪಾಯ ಮುಗಿದಿದೆ', ಎರಡನ್ನೂ ಬೇರೆ ಬೇರೆ ಎಣಿಸು."

ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಪ್ರತಿ ಬೆಳಿಗ್ಗೆ ಟೆಸ್ಟ್‌ನ ನಂತರ 'ಮುಗಿದಿದೆ' ಎಂಬ ಸಾಲು: ಒಟ್ಟು 611. 'ಶುರು' ಎಂಬ ಸಾಲು: ಸಾವಿನ ದಿನದವರೆಗೆ ಒಂದೂ ಇಲ್ಲ.

ಗಂಟೆ ನಾಲ್ಕೂ ಕಾಲು. ಅಧಿಕಾರಿ ಸಾವಿಗೆ ಮುಂಚಿನ ಭಾನುವಾರದ ಬ್ಯಾಕಪ್ ಪ್ರತಿಯನ್ನು ತರಿಸಿದರು. ಪ್ರೋಗ್ರಾಂನ ಹಳೆಯ ಪ್ರತಿ ಅದರಲ್ಲಿತ್ತು. ಅದನ್ನು ಅದೇ ಮೇಜಿನ ಮೇಲೆ, ಅದೇ ಮಾಪಕಕ್ಕೆ ಜೋಡಿಸಿ, ಅದೇ ಕ್ರಮದಲ್ಲಿ ನಡೆಸಿದರು.

ಟೆಸ್ಟ್ ಹಾಕಿದರು. ಅನಿಲ ಬಿಟ್ಟರು. ಅಂಕಿ ಕೆಂಪಾಯಿತು. ಟೆಸ್ಟ್ ತೆಗೆದರು.

ಮೌನ. ಅನಿಲ ಸುರಿಯುತ್ತಲೇ ಇತ್ತು.

"ಶುರುವಾಗದ್ದು ಮುಗಿಯೋದು ಹೇಗೆ ಮೇಷ್ಟ್ರೇ?" ಅಧಿಕಾರಿ ಕೇಳಿದರು. "ದಿನಾ ಯಾರೋ ತಲಬಾಗಿಲು ಬಿಟ್ಟು ಹಿತ್ತಿಲಿಂದ ಒಳಗೆ ಹೋಗಿದ್ರು. ಟೆಸ್ಟ್ ಹೊತ್ತಲ್ಲಿ ಪರದೆ ಕೆಂಪಾಗ್ಬೇಕು, ಸೈರನ್ ಕೂಗ್ಬಾರ್ದು. ಅದಕ್ಕೆ ಸೆಟ್ಟರ್ ಕರೀದೆ, ಬೆಲೆ ಇಟ್ಟಿರೋ ಒಳಗಿನ ಫೀಲ್ಡಿಗೇ 'ಹೌದು' ಬರೆದಿದ್ದೀರಿ. ಕಾವಲುಗಾರನಿಗೆ ಗೊತ್ತೇ ಆಗಿಲ್ಲ. ಬೇರೆ ದಿನ ಅನಿಲ ಇಳಿದು 'ಇಲ್ಲ' ಆಗ್ತಿತ್ತು, 'ಮುಗಿದಿದೆ' ಅಂತ ದಾಖಲಾಗ್ತಿತ್ತು. ಆ ದಿನ ಟೆಸ್ಟ್ ನಡುವೆಯೇ ಕೊಳವೆ ಒಡೀತು. ಟೆಸ್ಟ್ ತೆಗೆದಾಗ ನಿಜವಾದ 'ಹೌದು' ತಲಬಾಗಿಲಿಗೆ ಬಂತು. ಕಾವಲುಗಾರ ನೋಡ್ದ: ಒಳಗೆ ಆಗ್ಲೇ 'ಹೌದು' ಇದೆ. ಸುಮ್ನಾದ."

"ಮಾಲೀಕರು ನೋಡೋಕೆ ಬರೋರಿದ್ರು, ಅವರ ಮುಂದೆ ಸೈರನ್ ಕೂಗ್ಬಾರ್ದಿತ್ತು," ಮೇಷ್ಟ್ರು ಹೇಳಿದರು. "ಒಂದು ದಿನದ ಮಟ್ಟಿಗೆ ಅಂತ ಬರೆದದ್ದು. ತೆಗೆಯೋದು ಮರೆತೆ."

"ಮರೆತಿದ್ರಿ, ಒಪ್ಪಿದೆ. ನೆನಪಾಗಿದ್ದು ಯಾವಾಗ? ಆ ಹುಡುಗಿ ಒಂದು ಮಾತು ಹೇಳಿದ್ಲು. ಟೆಸ್ಟ್ ತೆಗೆದ್ಮೇಲೂ ದಿನಾ ಎರಡು ನಿಮಿಷ ಕೆಂಪು, ಆದ್ರೆ ಸದ್ದಿಲ್ಲ. ನೀವು ನಮಗೆ ತೋರಿಸಿದ ಪ್ರೋಗ್ರಾಂ ಆಗಿದ್ರೆ ದಿನಾ ಆ ಎರಡು ನಿಮಿಷ ಕೂಗ್ಬೇಕಿತ್ತು. ಎಲ್ಲರೂ ಅವಳ ಜಗಳ ಕೇಳಿಸ್ಕೊಂಡ್ರು, ಈ ಮಾತು ಯಾರಿಗೂ ಕೇಳಿಸ್ಲಿಲ್ಲ."

ಅವರು ಕಂಪ್ಯೂಟರಿನ ಬದಲಾವಣೆಗಳ ಪಟ್ಟಿಯನ್ನು ನನ್ನತ್ತ ತಿರುಗಿಸಿ, ಬರೆದುಕೊಳ್ಳಲು ಹೇಳಿದರು. ನಾನು ಬರೆದುಕೊಂಡೆ:

ಆಪರೇಟರ್ ಸೈರನ್ ನಿಲ್ಲಿಸಲಿಲ್ಲ. ನಿಲ್ಲಿಸಲು ಅದು ಕೂಗಿಯೇ ಇರಲಿಲ್ಲ. ಸೆಟ್ಟರನ್ನು ತಪ್ಪಿಸಿದ ಸಾಲನ್ನು ಬರೆದವರು ಪ್ರೋಗ್ರಾಂ ವಿಭಾಗದ ಮುಖ್ಯಸ್ಥರು. ಆ ಸಾಲನ್ನು ಅಳಿಸಿ, ಆಪರೇಟರ್ ಮೇಲೆ ಆರೋಪ ಬರುವಂತೆ ಬಿಟ್ಟವರೂ ಅವರೇ. ಅಳಿಸಿದ ಸಮಯ, ಸಾವಿನ ದಿನ ಬೆಳಿಗ್ಗೆ 11:26. ಶವವನ್ನು ಗುಂಡಿಯಿಂದ ಮೇಲೆತ್ತಿದ್ದು 11:40ಕ್ಕೆ.