ಬೇರಿನ ಪುಡಿಯ ಸುಳ್ಳು

“ಬೇರೆ ಏನಾದ್ರೂ ಔಷಧಿ ಕೊಡ್ತಿದೀರಾ? ಕಷಾಯ, ಪುಡಿ...?”

ಅವನು ತಲೆ ಎತ್ತಿ ನೇರವಾಗಿ ಅವಳನ್ನೇ ನೋಡಿದ. ಅವಳು ಮೇಜಿನ ಮೇಲಿನ ಕಾಗದಗಳತ್ತ ಕಣ್ಣು ತಿರುಗಿಸಿದಳು.

“ಇಲ್ಲ ಸರ್... ಏನೂ ಇಲ್ಲ.”

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೊಸ ಔಷಧಿಗಳ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಿಕೊಳ್ಳುವ ಕೆಲಸ ಅವನದು. ಕೇಳಿ ಕೇಳಿ ಎಲ್ಲರ ಬಾಯಲ್ಲಿ ‘ಪ್ರಶ್ನೆ ಮೇಷ್ಟ್ರು’ ಆಗಿದ್ದ.

ಅವಳು ಟೈಲರ್. ಅಮ್ಮನಿಗೆ ಇದ್ದ ಔಷಧಿಗಳೆಲ್ಲ ನಾಟದೆ ಹೋದ ಮೇಲೆ, ಮೊಬೈಲಿನಲ್ಲಿ ಹುಡುಕಿ ಹದಿನಾಲ್ಕು ಪ್ರಯೋಗಗಳ ವಿವರ ಪ್ರಿಂಟ್ ಮಾಡಿಸಿ ತಂದಿದ್ದಳು. ಅವನು ಒಂದನ್ನೂ ಬಿಡದೆ ಓದಿದ್ದ.

“ಇದು ಶ್ವಾಸಕೋಶದ್ದು... ಇದು ಮುಗಿದುಹೋಗಿದೆ... ಹಾಂ, ಇದು ಅಮ್ಮನಿಗೆ ಹೊಂದಬಹುದು!”

ಅವನ ಮುಖ ಅರಳಿದ್ದು ಕಂಡ ಮೇಲೆ ನಿಜ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಯಾರೋ ಹೇಳಿದರೆಂದು ಮೂರು ತಿಂಗಳಿಂದ ಅಮ್ಮನಿಗೆ ಬೇರಿನ ಪುಡಿ ಕೊಡುತ್ತಿದ್ದಳು. ‘ಹೇಳಿದ್ರೆ ಪ್ರಯೋಗಕ್ಕೆ ಬೇಡ ಅಂದುಬಿಟ್ರೆ...?’

ವಾರದ ನಂತರ ರಕ್ತಪರೀಕ್ಷೆಯಲ್ಲಿ ಲಿವರ್‌ನ ಅಂಕಿ ಏರಿತ್ತು. ಎರಡು ದಿನ ಬಿಟ್ಟು ಅವನು ಕಾರಿಡಾರಿನಲ್ಲಿ ಮೆಲ್ಲಗೆ ಮತ್ತದೇ ಕೇಳಿದ.

“ನಾನೇನು ಕಳ್ಳೀನಾ? ಎಷ್ಟು ಸಲ ಕೇಳ್ತೀರಿ!”

ಸಾಲಿನಲ್ಲಿ ಅಮ್ಮನ ಜೊತೆ ಕುಳಿತವರೆಲ್ಲ ತಿರುಗಿ ನೋಡಿದರು. ಅವನು “ಕ್ಷಮಿಸಿ” ಎಂದಷ್ಟೇ ಹೇಳಿ ಹೊರಟುಹೋದ.

ಮನೆಯಲ್ಲಿ ಅಮ್ಮ ಅವಳು ಮುಟ್ಟದೆ ಬಿಟ್ಟ ತಟ್ಟೆ ನೋಡಿದಳು. “ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಪಾಪದ ಹುಡುಗನ್ನ ಬೈದು ಬಂದು, ಈಗ ಊಟ ಸೇರ್ತಿಲ್ವೇನೇ?”

‘ಥೂ, ಎಂಥವಳು ನಾನು!’

ಬೆಳಗ್ಗೆ ಓಡಿದಳು. ಅವನ ಕುರ್ಚಿಯಲ್ಲಿ ಹಿರಿಯ ನರ್ಸ್ ಇದ್ದರು.

“ನಿಮ್ಮಮ್ಮನ ಫೈಲ್ ಇನ್ಮೇಲೆ ನನ್ನ ಹತ್ರ. ಅವರೇ ಕೇಳ್ಕೊಂಡು ಬಿಟ್ಟುಕೊಟ್ರು.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟಳು.

“ಅಲ್ಲಮ್ಮಾ, ಮೊದಲೇ ಹೇಳೋಕೇನಾಗಿತ್ತು? ಲಿವರ್ ಅಂಕಿ ಏರಿದ್ದು ಅದಕ್ಕೇ ಇರ್ಬೇಕು. ಪುಡಿ ನಿಲ್ಸು. ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಅಷ್ಟರಲ್ಲಿ ಪ್ರಯೋಗದಲ್ಲಿ ಜಾಗ ಉಳಿದ್ರೆ ನಿನ್ನ ಪುಣ್ಯ.”

ಆ ನಾಲ್ಕು ವಾರ ಅವಳು ಅವನ ಕಣ್ಣಿಗೆ ಬೀಳದಂತೆ ಹಿಂದಿನ ಮೆಟ್ಟಿಲಲ್ಲೇ ಓಡಾಡಿದಳು. ಅಂಕಿ ಇಳಿಯಿತು. ಅಮ್ಮನಿಗೆ ಜಾಗವೂ ಸಿಕ್ಕಿತು! ಆ ದಿನ, ಅದೇ ಮೆಟ್ಟಿಲಲ್ಲಿ ಅವನು ಎದುರಾದ.

“ಸರ್... ನನ್ನ ಮುಖ ನೋಡೋಕೆ ಅಸಹ್ಯ ಆಗಿ ಫೈಲ್ ಬಿಟ್ರಿ, ಅಲ್ವಾ?”

“ಅಯ್ಯೋ! ಅಂಕಿ ನೋಡಿದ ಕೂಡಲೇ ಏನೋ ಪುಡಿ ಕೊಡ್ತಿದೀರಿ ಅಂತ ಅನುಮಾನ ಬಂದಿತ್ತು. ನಿಮಗೆ ನೋವಾಗುತ್ತೆ ಅಂತ ಎರಡು ದಿನ ಡಾಕ್ಟರಿಗೆ ಹೇಳ್ಲೇ ಇಲ್ಲ. ಅಮ್ಮನ ಜೀವದ ವಿಷಯದಲ್ಲಿ! ಮಗಳ ಮೇಲೆ ಮನಸ್ಸಿಟ್ಟವನು ಅಮ್ಮನ ಫೈಲ್ ಇಟ್ಕೋಬಾರ್ದು. ಡಾಕ್ಟರಿಗೆ ತಪ್ಪೊಪ್ಪಿಕೊಂಡು ಬಿಟ್ಟುಕೊಟ್ಟೆ... ನಾಚಿಕೆ ಆಗಿದ್ದು ನನಗೆ.”

ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು.

“ಇಬ್ಬರೂ ತಲೆ ತಗ್ಗಿಸಿ ನಿಂತ್ರೆ ಒಬ್ಬರಿಗೊಬ್ಬರು ಕಾಣೋದು ಹೇಗೆ ಸರ್?”

ಅವನು ಮೆಲ್ಲಗೆ ಮುಖ ಎತ್ತಿದ. “ಸರ್ ಅನ್ನೋದು ಬಿಟ್ರೆ... ನೋಡ್ತೀನಿ.”

“ಹೂಂ,” ಎಂದಳು ಅವಳು. “ಬಿಟ್ಟೆ.”