ಆರದ ಡಾಂಬರು

"ಗುಂಡಿ ಮುಚ್ಚಿ ಅಂತ ಕರೆಸಿದ್ರೆ ಇನ್ನೂ ದೊಡ್ಡದು ಮಾಡ್ತಾ ಇದ್ದೀರಲ್ಲ! ತಲೆ ನೆಟ್ಟಗಿದೆಯಾ ನಿಮಗೆ?"

ಅಮಿತಾಳ ಕೂಗಿಗೆ ಕಲ್ಯಾಣ ಮಂಟಪದ ಅಂಗಳದಲ್ಲಿ ಪಿಕಾಸಿಯ ಸದ್ದು ನಿಂತಿತು.

ಪಿಕಾಸಿ ಹಿಡಿದಿದ್ದವನು ನಿಧಾನವಾಗಿ ತಲೆ ಎತ್ತಿದ. ಬೆವರಿಗೆ ಅಂಟಿದ ಕೂದಲು, ಕೆನ್ನೆಯ ಮೇಲೊಂದು ಡಾಂಬರಿನ ಕಲೆ. ಸಿಟ್ಟು ಬರಬೇಕಾಗಿತ್ತು ಅವನಿಗೆ. ಆದರೆ ಅವನು ನಕ್ಕ!

"ಹುಳುಕು ಹಲ್ಲಿಗೆ ಡಾಕ್ಟ್ರು ಹಾಗೇ ಸಿಮೆಂಟ್ ತುಂಬ್ತ್ರಾ ಮೇಡಂ? ಮೊದ್ಲು ಕೊರೀತ್ರು ಅಲ್ದಾ?"

ಅಮಿತಾ ಮುಖ ತಿರುಗಿಸಿದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಧೂಳು ದಾಟಿ, ಆಫೀಸಿಗೆ ಹೋಗಿ ಕುಳಿತಳು. ಕಿಟಕಿಯಿಂದ ಮತ್ತೆ ನೋಡಬಾರದು ಅಂದುಕೊಂಡಳು... ನೋಡಿದಳು.

ಅದು 2003ರ ಏಪ್ರಿಲ್ ಕೊನೆಯ ವಾರ. ಹೊನ್ನಾವರದ ಹೆದ್ದಾರಿ ಪಕ್ಕದ ಆ ಮಂಟಪದಲ್ಲಿ ಅಮಿತಾ ಮೂರು ವರ್ಷದಿಂದ ಗುಮಾಸ್ತೆ. ಮದುವೆಯ ತಾರೀಖು ಬರೆದುಕೊಳ್ಳುವುದು, ಕೋಣೆಗಳ ಕೀಲಿಕೈ ಕೊಡುವುದು, ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದು, ಎಲ್ಲ ಅವಳದೇ ಹೊಣೆ. ಊರಿನವರ ಮದುವೆಗಳನ್ನೆಲ್ಲ ನಡೆಸಿಕೊಟ್ಟ ಅವಳಿಗೆ ಇಪ್ಪತ್ತಾರು ತುಂಬಿತ್ತು. ಮನೆಯಲ್ಲಿ ಹೆತ್ತ ಅವ್ವಿ ಒಬ್ಬಳೇ.

ಗಾಡಿ ನಿಲ್ಲಿಸುವ ಅಂಗಳದ ಡಾಂಬರು ಕಿತ್ತು ಹನ್ನೊಂದು ಗುಂಡಿ ಬಿದ್ದಿದ್ದವು. ಹಿಂದಿನ ವಾರ ಮದುಮಗಳ ಅಜ್ಜಿಯೊಬ್ಬರು ಕಾಲು ಉಳುಕಿಸಿಕೊಂಡು ಬಿದ್ದ ಮೇಲೆ ಮಂಟಪದ ಯಜಮಾನ ಸುದರ್ಶನ ಹೆಗಡೆಯವರು ಕುಮಟಾದ ದಿನಕರನನ್ನು ಕರೆಸಿದ್ದರು. ಸಣ್ಣ ಪ್ರಮಾಣದ ಡಾಂಬರು ಕೆಲಸ ಅವನದು. ಇಲ್ಲಿ ಚೆನ್ನಾಗಿ ಮಾಡಿದರೆ ಕುಮಟಾದ ತಮ್ಮ ಲಾಡ್ಜಿನ ಇಡೀ ಅಂಗಳವನ್ನೂ ಕೊಡುವುದಾಗಿ ಹೆಗಡೆಯವರು ಮಾತು ಕೊಟ್ಟಿದ್ದರು.

ದಿನಕರನ ಜೊತೆ ಇಬ್ಬರೇ ಆಳು. ಡ್ರಮ್ಮಿನಲ್ಲಿ ಡಾಂಬರು ಕಾಯಿಸುವ ಚೌಡ, ಮತ್ತು ಗುಂಡಿಯ ಧೂಳು ಗುಡಿಸಿ ಜಲ್ಲಿ ಹೊರುವ ಬಂಗಾರಿ.

ಬಂಗಾರಿ...

ಸೇತುವೆಯಾಚೆಯ ಮಂಕಿ ಊರಿನವಳು. ಗಂಡ ತೀರಿ ಮೂರು ವರ್ಷವಾಗಿತ್ತು. ಅಮಿತಾಳಿಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಬಿಸಿಲಿಗೆ ಕಪ್ಪಾದರೂ ಬಾಡದ ಮುಖ, ನಕ್ಕರೆ ಅಂಗಳದ ಆಚೆ ತುದಿಗೂ ಕೇಳುವ ನಗು.

ಮೊದಲ ಆರು ದಿನ ಅಮಿತಾ ಅವಳನ್ನು ಗಮನಿಸಲೇ ಇಲ್ಲ. ಅವಳ ಕಣ್ಣು ದಿನಕರನ ಕೆಲಸದ ಮೇಲಿತ್ತು. ಕೆಲಸದ ಮೇಲೆ ಮಾತ್ರ... ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು!

ಗುಂಡಿಯ ಅಂಚನ್ನು ಅವನು ಚೌಕವಾಗಿ ಕತ್ತರಿಸುತ್ತಿದ್ದ. ಸಡಿಲವಾದದ್ದನ್ನೆಲ್ಲ ತೆಗೆದು, ಗುಡಿಸಿ, ಬಿಸಿ ಡಾಂಬರು ಬಳಿದು, ಜಲ್ಲಿ ಕಲಸಿದ್ದನ್ನು ತುಂಬಿ, ಉದ್ದ ಹಿಡಿಯ ದಮ್ಮಸಿನಿಂದ ಬಡಿದು ಕೂರಿಸುತ್ತಿದ್ದ. ಮತ್ತೆ ತುಂಬಿ ಮತ್ತೆ ಬಡಿಯುತ್ತಿದ್ದ.

"ಒಂದೇ ಸಲ ತುಂಬಿದ್ರೆ ಆಗೂದಿಲ್ವಾ?" ಎಂದು ಒಂದು ದಿನ ಕೇಳಿದಳು.

"ಮೇಲೆ ಗಟ್ಟಿ ಕಾಣ್ತದೆ ಮೇಡಂ, ಒಳಗೆ ಪೊಳ್ಳು. ಮಳೆಗಾಲಕ್ಕೆ ನೀರು ಹೊಕ್ಕಿದ್ರೆ ಮುಗೀತು."

ಆರನೆಯ ದಿನ ಅವಳು ಮುರುಗಲು ಹಣ್ಣಿನ ಪಾನಕ ಮಾಡಿ ತಂದಳು. ದಿನಕರ ಲೋಟ ಕೈಗೆ ತೆಗೆದುಕೊಳ್ಳುವಾಗ ಬೆರಳು ತಾಗಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ನಾಲ್ಕು ದಿನ ಇದ್ದು ಹೋಗೂ ಊರಲ್ಲಿ ಇಷ್ಟು ಉಪಚಾರ ಆದ್ರೆ, ಕೆಲಸ ಮುಗ್ಸೂಕೆ ಮನಸ್ಸು ಬರೂದಿಲ್ಲ ನೋಡಿ," ಅಂದ ಅವನು ಲೋಟದೊಳಗೆ ನೋಡುತ್ತ.

ಆ ದಿನ ಸಂಜೆ ಮನೆಗೆ ನಡೆದು ಹೋಗುವಾಗ ಅಮಿತಾಳಿಗೆ ದಾರಿ ಸವೆದದ್ದೇ ಗೊತ್ತಾಗಲಿಲ್ಲ.

ಮರುದಿನವೇ ಆ ಸಂತೋಷಕ್ಕೆ ಕಿಚ್ಚು ಬಿತ್ತು.

ಡ್ರಮ್ಮಿನ ಹೊಗೆಗೆ ಬಂಗಾರಿಯ ಕಣ್ಣು ಉರಿದು ನೀರು ಸುರಿಯುತ್ತಿತ್ತು. ದಿನಕರ ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ ಅವಳ ಕೈಗೆ ಕೊಟ್ಟ. ಅವಳು ಅದರಿಂದ ಮುಖ ಒರೆಸಿಕೊಂಡು, "ಸಾಕು ದಿನಕರ, ಬಿಡು," ಅಂದಳು.

ಕಿಟಕಿಯಲ್ಲಿದ್ದ ಅಮಿತಾ ಬೆಚ್ಚಿದಳು.

ದಿನಕರ? ಬರೀ ದಿನಕರ? ಅವನಿಗಿಂತ ಹಿರಿಯನಾದ ಚೌಡ ಕೂಡ 'ದಿನಕರಣ್ಣ' ಅನ್ನುತ್ತಾನೆ. ಇವಳ ಬಾಯಲ್ಲಿ ಮಾತ್ರ ಅಣ್ಣ ಯಾಕೆ ಬರುವುದಿಲ್ಲ?

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು! ಬಂಗಾರಿ ತನ್ನ ಬುತ್ತಿಯ ಬಂಗಡೆ ಮೀನಿನ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದ್ದು. ಅವನು ತಿಂದದ್ದು. ಅವಳು ಏನೋ ಹೇಳಿದಾಗ ಅವನು ದಮ್ಮಸಿಗೆ ಒರಗಿ ನಕ್ಕದ್ದು.

'ನನ್ನ ಹತ್ತಿರ ಒಂದು ದಿನವೂ ಹಾಗೆ ನಕ್ಕಿಲ್ಲ... ಮೇಡಂ, ಮೇಡಂ ಅಂತ ನಾಲ್ಕು ಮಾರು ದೂರ!'

ಆ ಮಧ್ಯಾಹ್ನ ಪಾನಕ ಆಫೀಸಿನಿಂದ ಹೊರಗೆ ಬರಲಿಲ್ಲ.

ಹತ್ತನೆಯ ದಿನ ಅವನು ಕುಮಟಾ ಪೇಟೆಯಿಂದ ಒಂದು ಜೊತೆ ಗಂಬೂಟು ತಂದ. ಬಂಗಾರಿಯನ್ನು ಜಲ್ಲಿ ರಾಶಿಯ ಮೇಲೆ ಕೂರಿಸಿ, ಅವಳ ಕಾಲಿಗೆ ಸುತ್ತಿದ್ದ ಗೋಣಿಯ ಚೂರನ್ನು ತಾನೇ ಬಿಚ್ಚಿದ. ಮೊಣಕಾಲೂರಿ ಬೂಟು ತೊಡಿಸಿದ.

ಅಮಿತಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಯಾವುದೋ ಮದುಮಗನ ಹೆಸರಿನ ಮೇಲೆ ಮಸಿ ಹರಡಿತು.

ಮರುದಿನ ಕೊನೆಯ ಗುಂಡಿ. ಗೇಟಿನ ಬಳಿ, ಎಲ್ಲಕ್ಕಿಂತ ದೊಡ್ಡದು. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ದಿನಕರ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ.

"ಮೇಡಂ, ಬಿಸಿಲು ಭಾರಿ ಇದೆ. ಇದು ಆರೂಕೆ ಹೊತ್ತು ಬೇಕು. ನಾಳೆ ಬೆಳಗಿನ ತನಕ ಇದ್ರ ಮೇಲೆ ಗಾಡಿ ಬಿಡ್ಬೇಡಿ."

"ಆತು."

"ನಾಳೆ ಬತ್ತೆ. ನಿಮ್ಮ ಹತ್ರ... ಒಂದು ಮಾತಾಡೂದಿತ್ತು."

'ಗೊತ್ತು, ಎಂತ ಮಾತು ಅಂತ! ಮದುವೆ ಕರೆಯೋಲೆ ಕೊಡ್ತೀರಿ, ಅಷ್ಟೇ ಅಲ್ವಾ?' ಮನಸ್ಸು ಕಿರುಚಿತು. ಬಾಯಿ, "ಸರಿ," ಅಂದಿತು.

ಅವನು ಬೈಕು ಹತ್ತಿದ. ಬಂಗಾರಿ ಹಿಂದೆ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟಳು. ಬೈಕು ಮಂಕಿಯ ಕಡೆಗೆ, ಸೇತುವೆಯ ದಾರಿ ಹಿಡಿಯಿತು. ಆ ಕೈ ಕಣ್ಣಿಂದ ಮರೆಯಾಗುವ ತನಕ ಅಮಿತಾ ನೋಡುತ್ತಲೇ ನಿಂತಳು.

ಆಗಲೇ ಭಟ್ಕಳದಿಂದ ಗಂಡಿನ ಕಡೆಯವರ ಬಸ್ಸು ಬಂದು ಗೇಟಿನ ಹತ್ತಿರ ನಿಂತಿತು.

"ಅಕ್ಕೋ, ಒಳಗೆ ತಿರ್ಗ್ಸೂಕೆ ಜಾಗ ಸಾಲೂದಿಲ್ಲ. ಆ ಹಗ್ಗ ತೆಗಿಬಹುದಾ?" ಡ್ರೈವರ್ ತಲೆ ಹೊರಹಾಕಿ ಕೇಳಿದ.

ಆಗೂದಿಲ್ಲ, ರಸ್ತೆ ಬದಿಗೆ ನಿಲ್ಲಿಸಿ ಅನ್ನಬೇಕಿತ್ತು. ಒಂದೇ ಮಾತು!

ಅಮಿತಾ ಗಂಟು ಬಿಚ್ಚಿ ಗೂಟಗಳನ್ನು ಕಿತ್ತು ಬದಿಗಿಟ್ಟಳು. ಹಗ್ಗವನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು, "ಬನ್ನಿ," ಅಂದಳು.

ಬಸ್ಸಿನ ಹಿಂದಿನ ಜೋಡಿ ಚಕ್ರ ಹಸಿ ಡಾಂಬರಿನ ಮೇಲೆ ತಿರುಗಿತು. ಹನ್ನೊಂದು ದಿನದ ದುಡಿಮೆಯ ಕೊನೆಯ ತೇಪೆ ಕಲಸಿದ ಹಿಟ್ಟಿನಂತೆ ಮುದುಡಿ ಮೇಲೆದ್ದಿತು.

ಒಂದು ಕ್ಷಣ... ಒಂದೇ ಒಂದು ಕ್ಷಣ ಅವಳಿಗೆ ಹಿತವಾಯಿತು. ಆಮೇಲೆ ಆ ಕಡೆ ನೋಡಲಾರದೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹೆಗಡೆಯವರ ದನಿ ರಸ್ತೆಯ ತನಕ ಕೇಳುತ್ತಿತ್ತು.

"ಎಂತದು ಇದು ದಿನಕರ? ಹಗ್ಗ ಕಟ್ಟಿದ್ರೆ ಬಸ್ಸು ಹ್ಯಾಂಗೆ ಬಂತು? ಅಮಿತಾ, ಇಲ್ಲಿ ಹಗ್ಗ ಇತ್ತಾ?"

"ನಾನು... ನಾನು ನೋಡ್ಲಿಲ್ಲ ಸರ್."

ದಿನಕರ ತಿರುಗಿ ಅವಳನ್ನು ನೋಡಿದ. ಆಫೀಸಿನ ಬಾಗಿಲ ಮೊಳೆಗೆ ಅಂದವಾಗಿ ಸುತ್ತಿ ನೇತು ಹಾಕಿದ್ದ ಹಗ್ಗವನ್ನೂ ನೋಡಿದ.

"ಕಟ್ಟೂಕೆ ಮರ್ತೆ ಸರ್," ಅಂದ. "ತಪ್ಪು ನಂದೇ."

ಲಾಡ್ಜಿನ ಕೆಲಸ ಅಲ್ಲಿಗೇ ಕೈತಪ್ಪಿ ಹೋಯಿತು. ಅವನು ಮಧ್ಯಾಹ್ನದೊಳಗೆ ಆ ತೇಪೆಯನ್ನು ಕಿತ್ತು ಹೊಸದಾಗಿ ಹಾಕಿದ. ಬೈಕು ಹತ್ತಿ ಹೊರಟು ಹೋದ. ಅವನು ಆಡಬೇಕೆಂದಿದ್ದ ಮಾತು ಅವನ ಜೊತೆಗೇ ಹೋಯಿತು.

ಎರಡು ವಾರ ಕಳೆಯಿತು. ಅಮಿತಾ ಗೇಟಿನ ಹತ್ತಿರದ ಆ ಚೌಕದ ಮೇಲೆ ಒಂದು ದಿನವೂ ಕಾಲಿಡಲಿಲ್ಲ. ಸುತ್ತಿ ಬಳಸಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಬಂಗಾರಿ ನಿಂತಿದ್ದಳು.

"ಮೇಡಂ, ಮದುವೆ ದಿವ್ಸ ಪಾತ್ರೆ ತೊಳೂಕೆ ಜನ ಬೇಕಾ? ಲಾಡ್ಜಿನ ಕೆಲಸ ತಪ್ಪಿತಲ್ಲ, ಕೈ ಖಾಲಿ."

ಅಮಿತಾ ಪೆನ್ನು ಕೆಳಗಿಟ್ಟಳು. "ಯಾಕೆ... ಮದುವೆಗೆ ತಯಾರಿ ಇಲ್ವಾ?"

"ಯಾರ ಮದುವೆ?"

"ನಿಮ್ಮದು. ದಿನಕರ ಅವರ ಜೊತೆ."

ಬಂಗಾರಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತುಕೊಂಡಳು.

"ಸುಳ್ಳೆಂತಕ್ಕೆ ಹೇಳೂದು? ನಂಗೆ ಆಸೆ ಇತ್ತು. ಕಾಲಿಗೆ ಡಾಂಬರು ಬಿದ್ದು ಬೊಬ್ಬೆ ಬಂದಾಗ ಬೂಟು ತಂದು ಹಾಕ್ದ. ಅಷ್ಟು ಕಾಳಜಿ ಯಾರೂ ಮಾಡ್ಲಿಲ್ಲ ನಂಗೆ. ಕೊನೇ ದಿವ್ಸ ಬೈಕಿನ ಮೇಲೆ ಕೂತವ್ಳು ಕೇಳೇ ಬಿಟ್ಟೆ, ನನ್ನ ಮದುವೆ ಆಗ್ತ್ಯಾ ಅಂತ."

"ಅವರು... ಎಂತ ಹೇಳಿದ್ರು?"

"ಸೇತುವೆ ಮೇಲೆ ಗಾಡಿ ನಿಲ್ಲಿಸ್ದ. 'ಬಂಗಾರಿ, ನಿನ್ನ ಮನಸ್ಸು ನೋಯಿಸ್ಬೇಕು ಅಂತ ಅಲ್ಲ. ನನ್ನ ಮನಸ್ಸು ಆ ಆಫೀಸಿನ ಕಿಟಕಿ ಹತ್ರ ಉಳಿದು ಹೋಗಿದೆ, ನಾಳೆ ಅವ್ರಿಗೆ ಹೇಳ್ತೆ' ಅಂದ. ನಾನು ಮನೆ ತನಕ ಅಳ್ತಾ ಹೋದೆ." ಅವಳು ನಗಲು ನೋಡಿದಳು. "ಮರುದಿವ್ಸ ಬಂದು ನೋಡಿದ್ರೆ ಡಾಂಬರು ಕಿತ್ತು ಹೋಗಿತ್ತು. ಪಾಪ, ಹೇಳೂಕೆ ಬಾಯೇ ಬರ್ಲಿಲ್ಲ ಅವ್ನಿಗೆ."

ಅವನು ಸೇತುವೆಯ ಮೇಲೆ ಆ ಮಾತು ಹೇಳುತ್ತಿದ್ದ ಹೊತ್ತಿನಲ್ಲೇ ತಾನು ಇಲ್ಲಿ...

"ಹಗ್ಗ ಬಿಚ್ಚಿದ್ದು ನಾನು!" ಅಮಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನಿಮ್ಮ ಕೈ ಅವರ ಹೆಗಲ ಮೇಲೆ ನೋಡಿ... ನಾನೇ ಬಿಚ್ಚಿದೆ ಬಂಗಾರಿ!"

ಬಂಗಾರಿ ಹೊಸ್ತಿಲಿಗೆ ಕೈಯೂರಿದಳು. ಎದ್ದು ನಿಂತಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ನಂಗೂ ನಿಮ್ಮನ್ನು ಕಂಡ್ರೆ ಹೊಟ್ಟೆ ಉರೀತಿತ್ತು ಮೇಡಂ. ಆದ್ರೆ ನಾನು ಯಾರ ಅನ್ನಕ್ಕೂ ಕೈ ಹಾಕ್ಲಿಲ್ಲ. ಚೌಡನ ಮನೇಲೂ ಒಲೆ ಉರೀಬೇಕು. ನಂಗೆ ಹೇಳಿ ಎಂತ ಆಗ್ತದೆ? ಹೆಗಡೇರಿಗೆ ಹೇಳಿ."

ಅಮಿತಾ ಹೇಳಿದಳು. ಅಂದೇ, ಹೆಗಡೆಯವರ ಎದುರು ನಿಂತು, ಒಂದನ್ನೂ ಬಿಡದೆ.

ಹೆಗಡೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲಾಡ್ಜಿನ ಕೆಲಸ ಅವನಿಗೇ ಕೊಡ್ತೇನೆ, ಮಳೆ ಹಿಡಿಯೂದ್ರೊಳಗೆ ಮುಗಿಸ್ಲಿ. ಆದರೆ ತಂಗಿ, ಸುಳ್ಳು ಹೇಳಿದವಳ ಕೈಯಲ್ಲಿ ನನ್ನ ಮಂಟಪ ಬಿಡೂಕೆ ಆಗೂದಿಲ್ಲ. ಕೀಲಿಕೈ ಇಟ್ಟು ಹೋಗು."

ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಬಂದವಳು ಭಟ್ಕಳದ ಬಸ್ಸು ಹತ್ತಿದಳು. ದಿನಕರ ಅಲ್ಲೇ ಹತ್ತಿರದ ಹೆಬಳೆಯಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದಾನೆ ಎಂದು ಬಂಗಾರಿ ಹೇಳಿದ್ದಳು.

ದೊಡ್ಡ ಮನೆ. ಗೇಟಿನಿಂದ ಕಾರು ನಿಲ್ಲಿಸುವ ಜಾಗದ ತನಕ ಡಾಂಬರಿನ ದಾರಿ. ದಿನಕರ ಒಬ್ಬನೇ ಕುಕ್ಕರಗಾಲಿನಲ್ಲಿ ಕುಳಿತು ಒಂದು ಗುಂಡಿಯ ಅಂಚು ಕೆತ್ತುತ್ತಿದ್ದ. ಅವಳನ್ನು ಕಂಡು ಉಳಿ ಕೆಳಗಿಟ್ಟ.

"ಲಾಡ್ಜಿನ ಕೆಲಸ ನಿಮಗೇ. ಹೆಗಡೇರು ನಾಳೆಯೇ ಬರ್ಲಿ ಅಂದ್ರು," ಅಂದಳು ಒಂದೇ ಉಸಿರಿಗೆ. "ಹಗ್ಗ..."

"ನೀವು ಬಿಚ್ಚಿದ್ದು. ಗೊತ್ತು."

"ಗೊತ್ತಿತ್ತಾ! ಮತ್ತೆ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ನಿಜ ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಈಗ ಹೋತು."

ದಿನಕರ ಎದ್ದು ನಿಂತ. ಅವನ ಮುಖ ಬಿಗಿದಿತ್ತು. "ಕೋಪ ಇಲ್ಲ ಅಂತ ತಿಳ್ಕೊಬೇಡಿ ಅಮಿತಾ. ನನ್ನದು ಬಿಡಿ. ಚೌಡ ಎರಡು ವಾರ ಮನೇಲಿ ಕೂತ. ನಾನು ಅವ್ನ ಮುಖ ನೋಡೂಕಾಗದೆ ಒಬ್ಬನೇ ಈ ಕೆಲಸಕ್ಕೆ ಬಂದೆ. ನಿಮ್ಮನ್ನು ಉಳಿಸೂಕೆ ಹೋಗಿ ಅವ್ನಿಗೆ ಅನ್ಯಾಯ ಮಾಡ್ದೆ. ಯಾಕೆ ಮಾಡಿದ್ರಿ ಹಾಗೆ?"

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು. ಅದೂ ಸಿಟ್ಟಿನಲ್ಲಿ!

"ಹೊಟ್ಟೆಕಿಚ್ಚು," ಅಂದಳು ಅಮಿತಾ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅವಳಿಗೆ ಬೂಟು ತೊಡಿಸಿದ್ರಿ. ಅವಳ ಜೊತೆ ನಕ್ಕಿದ್ರಿ. ನನಗೆ ನೀವು ಬೇಕಾಗಿತ್ತು, ಕೇಳೂಕೆ ಧೈರ್ಯ ಇರ್ಲಿಲ್ಲ. ಬಂಗಾರಿಗೆ ಇತ್ತು. ನಾನು ಹಗ್ಗ ಬಿಚ್ಚಿದೆ. ನಾಳೆ ಚೌಡನ ಮನೆಗೂ ಹೋಗಿ ಹೇಳ್ತೆ... ನೀವು ಮಾತಾಡದಿದ್ರೂ ಆತು. ಇದು ಹೇಳೂಕೆ ಬಂದೆ."

ಅವಳು ಗೇಟಿನ ಕಡೆ ತಿರುಗಿದಳು.

"ನಿಲ್ಲಿ."

ನಿಂತಳು.

"ಬಿಸಿಲಲ್ಲಿ ಬಂದವ್ರು ನೀರು ಕುಡಿದು ಹೋಗಿ." ಅವನು ತಂಬಿಗೆ ಎತ್ತಲು ಹೋಗಿ ತನ್ನ ಕೈ ನೋಡಿಕೊಂಡ. ಬೆರಳಿಗೆಲ್ಲ ಕಪ್ಪು ಮೆತ್ತಿತ್ತು.

ಅಮಿತಾ ಮೂಲೆಯಲ್ಲಿದ್ದ ಸೀಮೆಎಣ್ಣೆಯ ಡಬ್ಬಿ ತಂದಳು. ಬಟ್ಟೆ ಚೂರನ್ನು ಅದರಲ್ಲಿ ಅದ್ದಿ, ಕೇಳದೆಯೇ ಅವನ ಕೈ ಹಿಡಿದು ಒಂದೊಂದೇ ಬೆರಳು ತಿಕ್ಕತೊಡಗಿದಳು. ಅವನು ಕೈ ಹಿಂದಕ್ಕೆ ಎಳೆಯಲಿಲ್ಲ.

"ನಿಮ್ಮ ಅವ್ವಿಗೆ ಎಂತ ಹೇಳ್ತ್ರಿ? ಕೆಲಸ ಹೋದ್ದಕ್ಕೆ?"

"ಇದ್ದದ್ದು ಹೇಳ್ತೆ. ಒಬ್ಬರ ಮೇಲೆ ಮನಸ್ಸಾಗಿ ಬುದ್ಧಿ ಕೆಟ್ಟಿತು ಅಂತ."

"ಆ ಒಬ್ಬರು ಯಾರು ಅಂತ ಕೇಳಿದ್ರೆ?"

ಅವಳು ತಲೆ ಎತ್ತಲಿಲ್ಲ.

"ಆದಿತ್ಯವಾರ ನಾನೇ ಬತ್ತೆ," ಅಂದ ದಿನಕರ ಮೆಲ್ಲಗೆ. "ಅವ್ರಿಗೆ ಹೇಳೂಕೆ. ಬರ್ಲಾ?"

ಬಟ್ಟೆ ಹಿಡಿದ ಅವಳ ಕೈ ನಿಂತಿತು. "ಕೋಪ?"

"ಇದೆ. ಇಳೂಕೆ ಸ್ವಲ್ಪ ದಿನ ಬೇಕು. ನೀವು ಹತ್ರ ಇದ್ರೆ ಬೇಗ ಇಳೀಬಹುದು." ಅವನು ಬಗ್ಗಿ ಅವಳ ಮುಖ ನೋಡಿದ. "ಒಂದು ಮಾತು ಕೊಡ್ಬೇಕು. ಇನ್ನು ಯಾರನ್ನು ಕಂಡೂ ಹೊಟ್ಟೆಕಿಚ್ಚು ಪಡೂದಿಲ್ಲ ಅಂತ."

ಅಮಿತಾ ಯೋಚಿಸಿದಳು. ತಲೆ ಅಲ್ಲಾಡಿಸಿದಳು.

"ಅದು ಆಗೂದಿಲ್ಲ."

"ಆಗೂದಿಲ್ವಾ!"

"ಬಂದೇ ಬತ್ತದೆ. ಬಂದಾಗ ಮೊದ್ಲು ನಿಮಗೇ ಹೇಳ್ತೆ. ಅಷ್ಟು ಸಾಕಾ?"

ದಿನಕರ ತಲೆ ಹಿಂದಕ್ಕೆ ಹಾಕಿ ನಕ್ಕ.

"ಸಾಕು," ಅಂದ. "ಈಗ ಇನ್ನೊಂದು ಕೈಯೂ ತಿಕ್ಕಿ."